ಗಪ್ಪಿ ಮೀನಿನ ತೊಟ್ಟಿಗೆ ಸ್ಪಂಜು ಫಿಲ್ಟರ್: ಅಳವಡಿಕೆ ಮತ್ತು ನಿರ್ವಹಣೆ

(ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರ ತಿಳುವಳಿಕೆಗಾಗಿ)

ಸೊಳ್ಳೆಯ ಮರಿಗಳನ್ನು ತಿಂದು ಬದುಕುವ ಗಪ್ಪಿ ಮತ್ತು ಗಾಂಬೂಸಿಯಾ ಮೀನುಗಳನ್ನು ಜಾನುವಾರು ತೊಟ್ಟಿ, ಬಳಕೆಯಲ್ಲಿಲ್ಲದ ಬಾವಿ ಮತ್ತು ಕಟ್ಟಡ ಕಾಮಗಾರಿಯ ನೀರಿನ ತೊಟ್ಟಿಗಳಲ್ಲಿ ಬಿಡುವುದು ಮಲೇರಿಯಾ ಮತ್ತು ಡೆಂಗೆ ನಿಯಂತ್ರಣದ ಪರಿಚಿತ ಕ್ರಮವಾಗಿದೆ. ಮಳೆಗಾಲ ಬಂದಾಗ ಪ್ರತಿ ಸಲವೂ ಹೊರಗಿನಿಂದ ಮೀನು ತರುವ ಬದಲು ಗ್ರಾಮ ಪಂಚಾಯತಿ ಕಚೇರಿಯಲ್ಲಿ ಅಥವಾ ಅರಿವು ಕೇಂದ್ರದಲ್ಲಿ ಒಂದು ಗಾಜಿನ ತೊಟ್ಟಿಯನ್ನಿಟ್ಟು ತಾಯಿ ಮೀನುಗಳನ್ನು ಸಾಕಿಕೊಂಡರೆ ಬೇಕಾದಾಗ ಮರಿಗಳು ಕೈಗೆ ಸಿಗುತ್ತವೆ. ಆಸಕ್ತಿಯುಳ್ಳ ಕುಟುಂಬಗಳು ಮನೆಯ ಅಕ್ವೇರಿಯಂನಲ್ಲಿಯೂ ಇದನ್ನೇ ಮಾಡಬಹುದು.

ಆದರೆ ಹೊಸ ತೊಟ್ಟಿಗೆ ಬಿಟ್ಟ ಮೀನುಗಳು ಮೊದಲ ಎರಡು ಮೂರು ವಾರಗಳಲ್ಲಿಯೇ ಒಂದೊಂದಾಗಿ ಸಾಯುವುದು ಸಾಮಾನ್ಯವಾಗಿ ಕಂಡುಬರುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಪಂಪು ಓಡುತ್ತಿರುತ್ತದೆ, ಆಹಾರವನ್ನೂ ಹಾಕಲಾಗಿರುತ್ತದೆ. ಆದರೂ ಮೀನು ಉಳಿಯುವುದಿಲ್ಲ. "ಈ ಊರಿನ ನೀರು ಮೀನಿಗೆ ಆಗಿಬರುವುದಿಲ್ಲ" ಎಂದು ತೀರ್ಮಾನಿಸಿ ತೊಟ್ಟಿಯನ್ನು ಮೂಲೆಗೆ ಸೇರಿಸಲಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ದೋಷ ಊರಿನ ನೀರಿನದಲ್ಲ; ಫಿಲ್ಟರ್ ಸಿದ್ಧವಾಗುವ ಮೊದಲೇ ಮೀನು ಬಿಟ್ಟದ್ದು ಅಥವಾ ಸಿದ್ಧವಾಗಿದ್ದ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದದ್ದು ಕಾರಣವಾಗಿರುತ್ತದೆ. ಕೆಲವು ನೂರು ರೂಪಾಯಿಗೆ ದೊರೆಯುವ ಈ ಸಾಧನವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿತುಕೊಂಡರೆ ಎರಡೂ ತಪ್ಪುಗಳನ್ನು ತಪ್ಪಿಸಬಹುದು.

1. ಫಿಲ್ಟರ್ ಕೆಲಸ ಮಾಡುವ ಬಗೆ

ಗಾಳಿಯಿಂದ ನಡೆಯುವ ಸ್ಪಂಜು ಫಿಲ್ಟರಿನಲ್ಲಿ ನೀರಿನೊಳಗೆ ತಿರುಗುವ ಯಾವ ಯಂತ್ರಭಾಗವೂ ಇರುವುದಿಲ್ಲ. ತೊಟ್ಟಿಯ ಹೊರಗಿರುವ ಚಿಕ್ಕ ಏರ್ ಪಂಪು ತೆಳುವಾದ ಕೊಳವೆಯ ಮೂಲಕ ಗಾಳಿಯನ್ನು ತಳ್ಳುತ್ತದೆ. ಆ ಗಾಳಿಯು ಸ್ಪಂಜಿನ ನಡುವೆ ನಿಂತಿರುವ ಲಂಬ ಕೊಳವೆಯ ಬುಡದಲ್ಲಿ ಗುಳ್ಳೆಗಳಾಗಿ ಹೊರಬೀಳುತ್ತದೆ. ಗುಳ್ಳೆ ಬೆರೆತ ನೀರು ಸುತ್ತಲಿನ ನೀರಿಗಿಂತ ಹಗುರವಾದ್ದರಿಂದ ಕೊಳವೆಯೊಳಗೆ ಮೇಲೇರುತ್ತದೆ. ಹೀಗೆ ತೆರವಾದ ಜಾಗಕ್ಕೆ ಹೊಸ ನೀರು ಸ್ಪಂಜಿನ ರಂಧ್ರಗಳ ಮೂಲಕವೇ ಬರಬೇಕಾಗುತ್ತದೆ. ಕೊಳವೆಬಾವಿಯನ್ನು ಕಂಪ್ರೆಸರಿನ ಗಾಳಿಯಿಂದ ಶುಚಿಗೊಳಿಸುವಾಗ ನೀರು ಮೇಲೆ ಚಿಮ್ಮುವುದನ್ನು ಸದಸ್ಯರು ನೋಡಿರಬಹುದು. ಇಲ್ಲಿಯೂ ಅದೇ ತತ್ತ್ವ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ.

ಸ್ಪಂಜು ಕಸವನ್ನು ಹಿಡಿಯುತ್ತದೆ ಎಂಬುದು ಕಣ್ಣಿಗೆ ಕಾಣುವ ಕೆಲಸ. ಅದರ ಮುಖ್ಯ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಮೀನಿನ ಕಿವಿರುಗಳಿಂದಲೂ ಮಲದಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅಮೋನಿಯಾ ಮೀನಿಗೆ ವಿಷ. ಅದಕ್ಕೆ ಬಣ್ಣವಿಲ್ಲವಾದ್ದರಿಂದ ನೀರು ಎಷ್ಟೇ ತಿಳಿಯಾಗಿದ್ದರೂ ಅದು ಇರಬಹುದು. ಸ್ಪಂಜಿನ ರಂಧ್ರಗಳ ಗೋಡೆಯ ಮೇಲೆ ನೆಲೆಸುವ ಒಂದು ವರ್ಗದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ವರ್ಗದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ; ಅದನ್ನು ಜಲಸಸ್ಯಗಳು ಹೀರಿಕೊಳ್ಳುತ್ತವೆ, ಉಳಿದದ್ದು ವಾರಕ್ಕೊಮ್ಮೆ ನೀರು ಬದಲಿಸುವಾಗ ಹೊರಹೋಗುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಸ್ಪಂಜಿನ ಮೂಲಕ ನೀರು ಹರಿಯುತ್ತಿದ್ದಷ್ಟು ಕಾಲ ಅದು ದೊರೆಯುತ್ತದೆ.

ನೀರಿನ ಪಿಎಚ್ ಹೆಚ್ಚಿದಂತೆ ಅಮೋನಿಯಾದ ವಿಷಕಾರಿ ಭಾಗವೂ ಹೆಚ್ಚುತ್ತದೆ. ಪಿಎಚ್ 7 ಇರುವ ನೀರಿಗೆ ಹೋಲಿಸಿದರೆ ಪಿಎಚ್ 8 ಇರುವ ನೀರಿನಲ್ಲಿ ಆ ಭಾಗ ಸುಮಾರು ಹತ್ತು ಪಟ್ಟು ಆಗುತ್ತದೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿ ಪಿಎಚ್ ಹೆಚ್ಚಿರುವುದು ಸಾಮಾನ್ಯವಾದ್ದರಿಂದ ಅಲ್ಲಿ ಸಿದ್ಧವಾಗದ ತೊಟ್ಟಿಗೆ ಬಿಟ್ಟ ಮೀನಿಗೆ ಅಪಾಯ ಹೆಚ್ಚು. ಹಾಗೆಂದು ಗಡಸು ನೀರೇ ಮೀನಿಗೆ ಆಗದು ಎಂದು ತಿಳಿಯಬಾರದು. ಗಪ್ಪಿಯು ಗಡಸು ನೀರಿನಲ್ಲಿ ಚೆನ್ನಾಗಿ ಬೆಳೆಯುವ ಮೀನು.

ಮರಿ ಸಾಕುವ ತೊಟ್ಟಿಗೆ ಸ್ಪಂಜು ಫಿಲ್ಟರನ್ನೇ ಆರಿಸಿಕೊಳ್ಳಲು ಇನ್ನೂ ಒಂದು ಕಾರಣವಿದೆ. ಗಪ್ಪಿ ಮೊಟ್ಟೆಯಿಡುವುದಿಲ್ಲ, ಜೀವಂತ ಮರಿಗಳನ್ನು ಹಾಕುತ್ತದೆ. ಮೋಟಾರು ಫಿಲ್ಟರುಗಳು ಈ ಪುಟ್ಟ ಮರಿಗಳನ್ನು ನೀರಿನೊಂದಿಗೆ ಒಳಗೆಳೆದುಕೊಳ್ಳುತ್ತವೆ. ಸ್ಪಂಜಿನ ರಂಧ್ರಗಳಲ್ಲಿ ಮರಿ ಸಿಲುಕುವುದಿಲ್ಲ. ಬದಲಾಗಿ ಸ್ಪಂಜಿನ ಮೇಲೆ ಕೂರುವ ಸೂಕ್ಷ್ಮ ಆಹಾರವನ್ನು ಮರಿಗಳು ಹೆಕ್ಕಿ ತಿನ್ನುತ್ತವೆ.

2. ಬೇಕಾಗುವ ಸಾಮಗ್ರಿ

(ಅ) 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿ. 27 ಸೆಂ.ಮೀ. ಎತ್ತರದವರೆಗೆ ತುಂಬಿದರೆ ಇದರಲ್ಲಿ ಸುಮಾರು 48 ಲೀಟರ್ ನೀರು ಹಿಡಿಯುತ್ತದೆ. ಗಾಜು ಮತ್ತು ಮರಳು ಸೇರಿ ತೂಕ 60 ಕಿಲೋಗ್ರಾಂ ಮೀರುವುದರಿಂದ ಹಗುರ ಮೇಜಿನ ಮೇಲಿಡದೆ ಕಬ್ಬಿಣದ ಸ್ಟ್ಯಾಂಡ್ ಅಥವಾ ಕಲ್ಲಿನ ಕಟ್ಟೆಯ ಮೇಲೆ, ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ ಇಡತಕ್ಕದ್ದು.

(ಆ) ಈ ಅಳತೆಗೆ ಹೊಂದುವ ಸ್ಪಂಜು ಫಿಲ್ಟರ್. ಎರಡು ಸ್ಪಂಜುಗಳಿರುವ ಮಾದರಿ ಉತ್ತಮ. ಇದರ ಕಾರಣವನ್ನು ಮುಂದೆ ತಿಳಿಸಲಾಗಿದೆ.

(ಇ) 3ರಿಂದ 5 ವ್ಯಾಟ್ ಸಾಮರ್ಥ್ಯದ ಏರ್ ಪಂಪು. 3 ವ್ಯಾಟಿನ ಪಂಪು ದಿನದ 24 ಗಂಟೆಯೂ ಓಡಿದರೆ ತಿಂಗಳಿಗೆ ಆಗುವ ಬಳಕೆ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಮಾತ್ರ. ಆದ್ದರಿಂದ ವಿದ್ಯುತ್ ಉಳಿಸುವ ಉದ್ದೇಶದಿಂದ ರಾತ್ರಿ ಪಂಪು ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

(ಈ) ಎರಡು ಮೀಟರ್ ಏರ್ ಪೈಪು, ಗಾಳಿ ಹೆಚ್ಚು ಕಡಿಮೆ ಮಾಡುವ ಒಂದು ಚಿಕ್ಕ ವಾಲ್ವ್ ಮತ್ತು ಒಂದು ನಾನ್ ರಿಟರ್ನ್ ವಾಲ್ವ್. ನೀರು ಸರಬರಾಜಿನ ಪಂಪ್‌ಲೈನ್‌ಗಳಲ್ಲಿ ಅಳವಡಿಸುವ ಎನ್‌ಆರ್‌ವಿಯ ಪುಟ್ಟ ರೂಪವೇ ಇದು.

(ಉ) ತೊಳೆದ ಒರಟು ಮರಳು, ಹೈಡ್ರಿಲ್ಲಾದಂತಹ ಜಲಸಸ್ಯ, ತೊಟ್ಟಿಗೆ ಮುಚ್ಚಳ ಮತ್ತು ತೊಟ್ಟಿಯ ಕೆಲಸಕ್ಕೆಂದೇ ಮೀಸಲಾದ ಒಂದು ಬಕೆಟ್. ಸಾಬೂನು ಅಥವಾ ಫಿನಾಯಿಲ್ ಮುಟ್ಟಿದ ಬಕೆಟನ್ನು ಬಳಸಬಾರದು.

3. ಅಳವಡಿಕೆಯ ಕ್ರಮ

ಮೊದಲನೆಯದಾಗಿ, ನೇರ ಬಿಸಿಲು ಬೀಳದ, ಕಂಪ್ಯೂಟರ್ ಮತ್ತು ಕಡತಗಳಿಂದ ದೂರವಿರುವ ಸಮತಟ್ಟಾದ ಸ್ಥಳವನ್ನು ಆರಿಸಬೇಕು. ಬಿಸಿಲು ಬಿದ್ದರೆ ನೀರು ಪಾಚಿಗಟ್ಟುತ್ತದೆ. ತೊಟ್ಟಿಯನ್ನು ಬರಿಯ ನೀರಿನಿಂದ ತೊಳೆದು, ಮರಳು ಹಾಸಿ, ನೀರು ತುಂಬಬೇಕು. ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಲಾಗಿದ್ದರೆ ಅದರಲ್ಲಿರುವ ಕ್ಲೋರಿನ್ ಹೋಗಲು ಕನಿಷ್ಠ 24 ಗಂಟೆ ತೆರೆದಿಟ್ಟು ಗಾಳಿಯಾಡಿಸಬೇಕು. ಕುಡಿಯುವ ನೀರಿನ ಪರೀಕ್ಷೆಗೆಂದು ಗ್ರಾಮಗಳಿಗೆ ನೀಡಿರುವ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಉಳಿಕೆ ಕ್ಲೋರಿನ್ ಶೂನ್ಯಕ್ಕಿಳಿದಿರುವುದನ್ನು ಖಚಿತಪಡಿಸಿಕೊಳ್ಳಬಹುದು.

ಎರಡನೆಯದಾಗಿ, ಹೊಸ ಸ್ಪಂಜನ್ನು ಬರಿಯ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ನಂತರ ತೊಟ್ಟಿಯ ನೀರಿನೊಳಗೇ ಹಿಡಿದು ಹಲವು ಬಾರಿ ಹಿಂಡಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಹೋಗುವವರೆಗೆ ಸ್ಪಂಜು ತೇಲುತ್ತದೆ. ಗಾಳಿ ಹೋದ ಮೇಲೆ ಫಿಲ್ಟರನ್ನು ತೊಟ್ಟಿಯ ಒಂದು ಮೂಲೆಯಲ್ಲಿ ತಳಕ್ಕೆ ಕೂರಿಸಬೇಕು. ಲಂಬ ಕೊಳವೆಯ ತುದಿ ನೀರಿನ ಮಟ್ಟಕ್ಕೆ ಸರಿಯಾಗಿ ಅಥವಾ ತುಸು ಕೆಳಗೆ ಇರಲಿ.

ಮೂರನೆಯದಾಗಿ, ಏರ್ ಪೈಪನ್ನು ಫಿಲ್ಟರಿಗೆ ಭದ್ರವಾಗಿ ಸಿಕ್ಕಿಸಿ, ತೊಟ್ಟಿಯ ಹೊರಭಾಗದಲ್ಲಿ ನಾನ್ ರಿಟರ್ನ್ ವಾಲ್ವನ್ನು ಜೋಡಿಸಬೇಕು. ವಾಲ್ವಿನ ಮೇಲಿರುವ ಬಾಣದ ಗುರುತು ತೊಟ್ಟಿಯ ಕಡೆಗೆ ಇರತಕ್ಕದ್ದು. ಏರ್ ಪಂಪನ್ನು ಸಾಧ್ಯವಾದಷ್ಟು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಬೇಕು. ಪಂಪು ಕೆಳಗಿದ್ದು ವಾಲ್ವ್ ಇಲ್ಲದಿದ್ದರೆ, ವಿದ್ಯುತ್ ಹೋದಾಗ ನೀರು ಪೈಪಿನಲ್ಲಿ ಹಿಮ್ಮುಖವಾಗಿ ಹರಿದು ಪಂಪಿಗೂ ಪ್ಲಗ್‌ಗೂ ಇಳಿಯುವ ಅಪಾಯವಿದೆ.

ನಾಲ್ಕನೆಯದಾಗಿ, ವಿದ್ಯುತ್ ಸಂಪರ್ಕ. ಪಂಪಿನ ವೈರು ಪ್ಲಗ್‌ಗಿಂತ ಕೆಳಗೆ ಒಮ್ಮೆ ಬಾಗಿ ಮೇಲೇರುವಂತೆ ಬಿಡಬೇಕು. ವೈರಿನ ಮೇಲೆ ನೀರು ಜಾರಿದರೂ ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ಗನ್ನು ಮುಟ್ಟುವುದಿಲ್ಲ. ಅರಿವು ಕೇಂದ್ರಕ್ಕೆ ಮಕ್ಕಳು ಬರುವುದರಿಂದ ಸೋರಿಕೆ ವಿದ್ಯುತ್ತನ್ನು ತಡೆಯುವ 30 ಮಿಲಿಆಂಪಿಯರ್ ಬ್ರೇಕರ್ ಇರುವ ಸಾಕೆಟ್ಟಿಗೇ ಸಂಪರ್ಕ ನೀಡುವುದು. ತೊಟ್ಟಿಯೊಳಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆಯುವುದು ಕಡ್ಡಾಯ.

ಪಂಪನ್ನು ಚಾಲೂ ಮಾಡಿದಾಗ ಗುಳ್ಳೆಗಳು ಕೊಳವೆಯ ತುದಿಯಿಂದಲೇ ಬರಬೇಕು. ಸ್ಪಂಜಿನ ಮೈಯಿಂದ ಗುಳ್ಳೆ ಹೊರಟರೆ ಒಳಗಿನ ಜೋಡಣೆ ಸಡಿಲವಾಗಿದೆ ಎಂದರ್ಥ. ಗಾಳಿ ವಿಪರೀತ ರಭಸವಾಗಿದ್ದರೆ ವಾಲ್ವಿನಿಂದ ತಗ್ಗಿಸಬೇಕು. ನೀರಿನ ಮೇಲ್ಮೈ ಮೆಲ್ಲನೆ ಅಲುಗಾಡಿದರೆ ಸಾಕು.

4. ಹೆಪ್ಪು ಕಟ್ಟುವ ಕಾಲ

ಇಲ್ಲಿಗೆ ಜೋಡಣೆ ಮುಗಿಯುತ್ತದೆ. ಆದರೆ ಫಿಲ್ಟರ್ ಇನ್ನೂ ಸಿದ್ಧವಾಗಿರುವುದಿಲ್ಲ. ಹೊಸ ಸ್ಪಂಜಿನಲ್ಲಿ ಅಗತ್ಯವಾದ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಅವು ತಾವಾಗಿ ಬಂದು ನೆಲೆಸಿ, ತೊಟ್ಟಿಯ ಅಮೋನಿಯಾವನ್ನು ನಿಭಾಯಿಸುವಷ್ಟು ಹೆಚ್ಚಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪಂಪು ಓಡುತ್ತಿದೆ ಎಂಬುದು ಫಿಲ್ಟರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಈ ಅವಧಿಯಲ್ಲಿ ಮೀನು ಬಿಡದೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರವನ್ನು ಮಾತ್ರ ನೀರಿಗೆ ಹಾಕುತ್ತಿರಬೇಕು. ಅದು ಕೊಳೆತು ಉಂಟಾಗುವ ಅಮೋನಿಯಾವೇ ಬ್ಯಾಕ್ಟೀರಿಯಾಗಳಿಗೆ ಆಹಾರ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಹನಿ ಪರೀಕ್ಷೆಯ ಕಿಟ್‌ನಿಂದ ನೋಡಿದರೆ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಎರಡೂ ಶೂನ್ಯವಾಗಿ ಉಳಿದ ದಿನ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು.

ಈ ಕಾಲವನ್ನು ಕಡಿಮೆ ಮಾಡುವ ಸುಲಭ ಮಾರ್ಗವೊಂದಿದೆ. ಹಾಲು ಮೊಸರಾಗಲು ಹೆಪ್ಪು ಹಾಕುವಂತೆ, ಹಲವು ತಿಂಗಳುಗಳಿಂದ ಆರೋಗ್ಯಕರವಾಗಿ ನಡೆಯುತ್ತಿರುವ ಬೇರೊಂದು ತೊಟ್ಟಿಯ ಸ್ಪಂಜನ್ನು ಹಿಂಡಿ, ಆ ಕಂದು ನೀರನ್ನು ಹೊಸ ಸ್ಪಂಜಿನ ಮೇಲೆ ಸುರಿಯುವುದು. ಹಳೆಯ ಸ್ಪಂಜನ್ನೇ ಹೊಸ ತೊಟ್ಟಿಯಲ್ಲಿ ಹೊಸದರ ಪಕ್ಕದಲ್ಲಿ ಕೆಲವು ವಾರ ಇಟ್ಟರೆ ಇನ್ನೂ ಉತ್ತಮ. ತರುವಾಗ ಸ್ಪಂಜು ಒಣಗಬಾರದು. ಅದೇ ತೊಟ್ಟಿಯ ನೀರಿನಲ್ಲಿ ಅದ್ದಿ ತರಬೇಕು. ರೋಗವಿರುವ ಅಥವಾ ಮೀನು ಸಾಯುತ್ತಿರುವ ತೊಟ್ಟಿಯಿಂದ ತರಬಾರದು.

ಮುಂಗಾರಿನ ದಿನಗಣನೆಯೊಂದಿಗೆ ಇದನ್ನು ಹೊಂದಿಸಿಕೊಳ್ಳುವುದು ಅಗತ್ಯ. ಶಿವರಾತ್ರಿಯ ಹೊತ್ತಿಗೆ ತೊಟ್ಟಿಯನ್ನು ಚಾಲೂ ಮಾಡಿದರೆ ಯುಗಾದಿಗೆ ಸುಮಾರು 32 ದಿನಗಳಾಗುತ್ತವೆ. ಹೆಪ್ಪು ಹಾಕಿದ ತೊಟ್ಟಿ ಆ ವೇಳೆಗೆ ಸಿದ್ಧವಾಗಿರುವ ಸಂಭವ ಹೆಚ್ಚು. ಪರೀಕ್ಷೆಯಲ್ಲಿ ದೃಢಪಟ್ಟರೆ ನಾಲ್ಕು ಹೆಣ್ಣು, ಎರಡು ಗಂಡು ಗಪ್ಪಿಗಳನ್ನು ಬಿಡಬಹುದು. ಹೆಣ್ಣು ದೊಡ್ಡದಾಗಿ ಮಾಸಲು ಬಣ್ಣವಿರುತ್ತದೆ. ಗಂಡು ಚಿಕ್ಕದು, ಬಣ್ಣಬಣ್ಣದ್ದು. ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕುತ್ತದೆ. ಜೂನ್ ಮೊದಲ ವಾರದಲ್ಲಿ ಮಳೆ ಆರಂಭವಾಗುವಾಗ ಕೈಯಲ್ಲಿ ಮರಿಗಳಿರುತ್ತವೆ. ಮೇ ಕೊನೆಯಲ್ಲಿ ತೊಟ್ಟಿ ಖರೀದಿಸಿ ಅದೇ ದಿನ ಮೀನು ಬಿಟ್ಟರೆ, ಸೊಳ್ಳೆ ಹೆಚ್ಚುವ ಕಾಲಕ್ಕೆ ಸರಿಯಾಗಿ ಮೀನು ಸಾಯುತ್ತಿರುತ್ತದೆ.

ಮೊದಲ ತಿಂಗಳಲ್ಲಿ ಮೀನುಗಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ದಿನಕ್ಕೊಮ್ಮೆ ಹಾಕಿದರೆ ಸಾಕು. ದೊಡ್ಡ ಗಪ್ಪಿಗಳು ತಮ್ಮ ಮರಿಗಳನ್ನೇ ತಿನ್ನುವುದುಂಟು. ಮರಿಗಳು ಅಡಗಿಕೊಳ್ಳಲು ಜಲಸಸ್ಯ ದಟ್ಟವಾಗಿರಲಿ. ಈ ಅಳತೆಯ ತೊಟ್ಟಿಯಲ್ಲಿ 30ರಿಂದ 40 ಚಿಕ್ಕ ಮೀನುಗಳಿಗಿಂತ ಹೆಚ್ಚು ಇಡುವುದು ಸೂಕ್ತವಲ್ಲ. ಗಾಜಿನ ತೊಟ್ಟಿಯು ಇಡೀ ಗ್ರಾಮಕ್ಕೆ ಮೀನು ಒದಗಿಸುವ ಕೇಂದ್ರವಲ್ಲ, ತಾಯಿ ಮೀನಿನ ಸಂಗ್ರಹ ಮಾತ್ರ. ಹೆಚ್ಚಿನ ಮರಿಗಳನ್ನು ನೆರಳಿನಲ್ಲಿರುವ ಸಿಮೆಂಟ್ ತೊಟ್ಟಿಗೆ ಸಾಗಿಸಿ ಅಲ್ಲಿ ವೃದ್ಧಿಪಡಿಸಬೇಕು.

5. ಸ್ಪಂಜು ತೊಳೆಯುವ ವಿಧಾನ

ಸಿದ್ಧವಾದ ತೊಟ್ಟಿ ಹಾಳಾಗುವುದು ಹೆಚ್ಚಾಗಿ ಸ್ವಚ್ಛತೆಯ ದಿನ. ಕಂದು ಬಣ್ಣಕ್ಕೆ ತಿರುಗಿದ ಸ್ಪಂಜನ್ನು ಕಂಡ ಸಿಬ್ಬಂದಿ ಅದನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ನಾವು ನೀರಗಂಟಿಗೆ ಸೂಚಿಸುವುದು ಬ್ಯಾಕ್ಟೀರಿಯಾಗಳನ್ನು ಕೊಲ್ಲಲೆಂದೇ. ಆ ಕ್ಲೋರಿನ್ ರೋಗಾಣು ಯಾವುದು, ಉಪಕಾರಿ ಯಾವುದು ಎಂದು ನೋಡುವುದಿಲ್ಲ. ಆರು ವಾರ ಕಾದು ಬೆಳೆಸಿದ್ದು ಕೆಲವು ನಿಮಿಷಗಳಲ್ಲಿ ನಾಶವಾಗುತ್ತದೆ. ಅದೇ ವಾರ ಮೀನು ಸಾಯತೊಡಗುತ್ತದೆ.

ಸರಿಯಾದ ವಿಧಾನ ಹೀಗಿದೆ. ವಾರಕ್ಕೊಮ್ಮೆ ತೊಟ್ಟಿಯಿಂದ ನಾಲ್ಕನೇ ಒಂದು ಭಾಗ, ಅಂದರೆ ಸುಮಾರು 12 ಲೀಟರ್ ನೀರನ್ನು ಬಕೆಟಿಗೆ ತೆಗೆದು, ಕ್ಲೋರಿನ್ ಹೋಗಲು ಹಿಂದಿನ ದಿನವೇ ಹಿಡಿದಿಟ್ಟ ನೀರನ್ನು ತೊಟ್ಟಿಗೆ ತುಂಬಬೇಕು. ಮೂರು ನಾಲ್ಕು ವಾರಗಳಿಗೊಮ್ಮೆ, ಹೊರತೆಗೆದ ಅದೇ ಬಕೆಟಿನ ನೀರಿನಲ್ಲಿ ಸ್ಪಂಜನ್ನು ಎರಡು ಮೂರು ಬಾರಿ ಮೆಲ್ಲನೆ ಹಿಂಡಿ ಮತ್ತೆ ಸ್ವಸ್ಥಾನಕ್ಕೆ ಹಾಕಬೇಕು. ಸ್ಪಂಜು ಕಂದಾಗಿಯೇ ಉಳಿದರೆ ಅದು ಕೊಳೆಯಲ್ಲ. ಎರಡು ಸ್ಪಂಜುಗಳಿದ್ದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಹಿಂಡುವುದು. ಇನ್ನೊಂದು ಯಥಾಸ್ಥಿತಿಯಲ್ಲಿದ್ದು ತೊಟ್ಟಿಯನ್ನು ಕಾಯುತ್ತದೆ. ಹಿಂಡಿದ ಕಂದು ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ.

ಸ್ಪಂಜು ಹಿಂಡಿದ ಮೇಲೂ ಗುಳ್ಳೆ ಕಡಿಮೆಯಾಗಿದ್ದರೆ, ಒಳಗಿನ ಏರ್ ಸ್ಟೋನ್‌ಗೆ ಗಡಸು ನೀರಿನ ಸುಣ್ಣದಂಶ ಕಟ್ಟಿಕೊಂಡಿರಬಹುದು. ಆಗ ಬದಲಿಸಬೇಕಾದದ್ದು ಕೆಲವೇ ರೂಪಾಯಿಯ ಏರ್ ಸ್ಟೋನ್ ಮಾತ್ರ, ಸ್ಪಂಜನ್ನಲ್ಲ.

6. ವಿದ್ಯುತ್ ಕಡಿತವಾದಾಗ

ಒಂದೆರಡು ಗಂಟೆಯ ಕಡಿತದಿಂದ ಮೀನು ಕಡಿಮೆಯಿರುವ ತೊಟ್ಟಿಗೆ ತೊಂದರೆಯಿಲ್ಲ. ಕಡಿತ ದೀರ್ಘವಾದರೆ ಸ್ಪಂಜಿನೊಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಕ್ಷೀಣಿಸುತ್ತವೆ. ಕಚೇರಿಯ ಯುಪಿಎಸ್‌ಗೆ ಈ ಪಂಪನ್ನು ಸೇರಿಸಿದರೆ 3 ವ್ಯಾಟಿನ ಹೊರೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಮನೆಯ ಅಕ್ವೇರಿಯಂಗೆ ಬ್ಯಾಟರಿಯಿಂದ ನಡೆಯುವ ಏರ್ ಪಂಪುಗಳು ದೊರೆಯುತ್ತವೆ. ಅದೂ ಇಲ್ಲದಿದ್ದರೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಮೇಲಿನಿಂದ ಆಗಾಗ ಸುರಿಯುವುದರಿಂದ ಮೀನುಗಳಿಗೆ ಆಮ್ಲಜನಕ ದೊರೆಯುತ್ತದೆ. ಕಡಿತದ ದಿನ ಮತ್ತು ಮರುದಿನ ಆಹಾರ ಹಾಕಬಾರದು. ಆರೋಗ್ಯವಂತ ಗಪ್ಪಿಗಳು ಒಂದೆರಡು ದಿನದ ಉಪವಾಸದಿಂದ ಸಾಯುವುದಿಲ್ಲ.

ರಜೆಯ ದಿನಗಳಲ್ಲಿ ಕಚೇರಿ ಮುಚ್ಚುವಾಗ ಮುಖ್ಯ ಸ್ವಿಚ್ಚನ್ನು ಆರಿಸುವ ಪದ್ಧತಿ ಹಲವೆಡೆ ಇದೆ. ತೊಟ್ಟಿಯ ಸಾಕೆಟ್ಟಿಗೆ ಪ್ರತ್ಯೇಕ ಸ್ವಿಚ್ ಇರಿಸಿ, "ಆರಿಸಬಾರದು" ಎಂಬ ಚೀಟಿಯನ್ನು ಅಂಟಿಸುವುದು.

7. ಮೀನನ್ನು ಹೊರಗೆ ಬಿಡುವಾಗ

ಗಪ್ಪಿಯ ಮೂಲ ನೆಲೆ ದಕ್ಷಿಣ ಅಮೆರಿಕದ ಉತ್ತರ ಭಾಗ. ಗಾಂಬೂಸಿಯಾವೂ ಹೊರದೇಶದಿಂದ ಬಂದದ್ದೇ. ಹೊಳೆ, ಹಳ್ಳ, ಕೆರೆಗಳಿಗೆ ಇವು ಸೇರಿದರೆ ಸ್ಥಳೀಯ ಮೀನುಗಳ ಆಹಾರಕ್ಕೂ ಮರಿಗಳಿಗೂ ಧಕ್ಕೆಯಾಗುತ್ತದೆ. ಆದ್ದರಿಂದ ನೀರು ಹೊರಗೆ ಹರಿದುಹೋಗದ ತೊಟ್ಟಿ ಮತ್ತು ಬಳಕೆಯಲ್ಲಿಲ್ಲದ ಬಾವಿಗಳಲ್ಲಿ ಮಾತ್ರ, ಆರೋಗ್ಯ ಇಲಾಖೆಯ ಸಿಬ್ಬಂದಿಯ ಸಲಹೆಯಂತೆ ಬಿಡುವುದು. ಕುಡಿಯುವ ನೀರಿನ ಓವರ್‌ಹೆಡ್ ಟ್ಯಾಂಕ್ ಮತ್ತು ತೊಂಬೆಗಳಿಗೆ ಬಿಡಬಾರದು. ಅಲ್ಲಿ ಬೇಕಾದದ್ದು ಭದ್ರವಾದ ಮುಚ್ಚಳ ಮತ್ತು ನಿಯಮಿತ ಶುಚಿತ್ವ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಮನೆಯ ಡ್ರಮ್ಮು, ತೆಂಗಿನ ಚಿಪ್ಪು, ಹಳೆಯ ಟೈರುಗಳಲ್ಲಿಯೂ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ಉಜ್ಜಿ ತೊಳೆಯುವ ಕೆಲಸಕ್ಕೆ ಮೀನು ಬದಲಿಯಾಗಲಾರದು.

8. ಸದಸ್ಯರು ಪರಿಶೀಲಿಸಬಹುದಾದ ಅಂಶಗಳು

ತೊಟ್ಟಿಯ ನಿರ್ವಹಣೆಗೆ ಒಬ್ಬರನ್ನು ಹೆಸರಿಸಿ ಜವಾಬ್ದಾರಿ ವಹಿಸುವುದು ಉತ್ತಮ. ಎಲ್ಲರದ್ದೂ ಆದ ತೊಟ್ಟಿ ಯಾರದ್ದೂ ಆಗುವುದಿಲ್ಲ. ಗ್ರಂಥಾಲಯ ಮೇಲ್ವಿಚಾರಕರು ಈ ಹೊಣೆ ಹೊರಬಹುದು. ಭೇಟಿಯ ಸಂದರ್ಭದಲ್ಲಿ ಸದಸ್ಯರು ಈ ಕೆಳಗಿನವುಗಳನ್ನು ವಿಚಾರಿಸಬಹುದು:

– ತೊಟ್ಟಿ ಚಾಲೂ ಆದ ದಿನಾಂಕ ಮತ್ತು ಮೀನು ಬಿಟ್ಟ ದಿನಾಂಕಗಳ ನಡುವೆ ಎಷ್ಟು ಅಂತರವಿದೆ?

– ಮೀನು ಬಿಡುವ ಮುನ್ನ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಲಾಗಿದೆಯೇ?

– ಗುಳ್ಳೆಗಳು ಕೊಳವೆಯ ತುದಿಯಿಂದ ಎಡೆಬಿಡದೆ ಬರುತ್ತಿವೆಯೇ?

– ನಾನ್ ರಿಟರ್ನ್ ವಾಲ್ವ್ ಇದೆಯೇ? ಬಾಣದ ದಿಕ್ಕು ಸರಿಯಿದೆಯೇ?

– ಸ್ಪಂಜನ್ನು ಕೊನೆಯದಾಗಿ ಯಾವಾಗ, ಯಾವ ನೀರಿನಲ್ಲಿ ಹಿಂಡಲಾಯಿತು?

– ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿವೆಯೇ? ಹಾಗಿದ್ದರೆ ಅದೇ ದಿನ ನಾಲ್ಕನೇ ಒಂದು ಭಾಗ ನೀರು ಬದಲಿಸಿ, ಆಹಾರ ನಿಲ್ಲಿಸುವುದು.

ಇಷ್ಟನ್ನು ತಿಂಗಳಿಗೊಮ್ಮೆ ಒಂದು ಚಿಕ್ಕ ಪುಸ್ತಕದಲ್ಲಿ ದಾಖಲಿಸಿದರೆ, ಮುಂದಿನ ವರ್ಷ ತೊಟ್ಟಿಯ ಹೊಣೆ ಹೊರುವವರು ಮೊದಲಿನಿಂದ ಕಲಿಯಬೇಕಾಗುವುದಿಲ್ಲ. ಸ್ಪಂಜು ಒಮ್ಮೆ ಸಿದ್ಧವಾದರೆ ಹಲವು ವರ್ಷ ಬಾಳುತ್ತದೆ. ಅಷ್ಟೇ ಅಲ್ಲ, ಅದನ್ನು ಹಿಂಡಿದ ಒಂದು ಚೊಂಬು ಕಂದು ನೀರು ನೆರೆಯ ಪಂಚಾಯತಿಯ ಹೊಸ ತೊಟ್ಟಿಗೆ ಹೆಪ್ಪಾಗಿಯೂ ಒದಗುತ್ತದೆ.